ಪ್ರೆಸೆಂಟೇಶನ್‌ ಶುರು ಮಾಡುವುದು ಹೇಗೆ? ಮೊದಲ ಮಾತಿಗೇ ಕಿವಿ ನಿಮಿರಲಿ

‘ಎಲ್ಲರಿಗೂ ನಮಸ್ಕಾರ. ನನ್ನ ಹೆಸರು ಇಂಥದ್ದು. ಇವತ್ತು ನಾನು ಇಂಥ ವಿಷಯದ ಬಗ್ಗೆ ಮಾತಾಡಲಿದ್ದೇನೆ. ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ.’ ಇಷ್ಟು ಮುಗಿಯುವಷ್ಟರಲ್ಲಿ ಕೂತವರ ಕೈಗೆ ಮೊಬೈಲ್ ಬಂದಿರುತ್ತದೆ. ಅವರನ್ನು ಬೈದು ಪ್ರಯೋಜನವಿಲ್ಲ. ಹೆಸರು, ವಿಷಯ ಎರಡೂ ಹಿಂದಿನ ಪರದೆ ಮೇಲೆ ದಪ್ಪಕ್ಷರದಲ್ಲೇ ಇವೆ, ಅಲ್ವಾ?

ಮೊದಲ ಕೆಲಸ: ಆರಂಭದ ಮಾತನ್ನು ಕೊನೆಗೆ ಬರೆಯಿರಿ. ಸ್ಲೈಡುಗಳೆಲ್ಲ ಸಿದ್ಧವಾದ ಮೇಲೆ ಒಂದು ಪ್ರಶ್ನೆ ಹಾಕಿಕೊಳ್ಳಿ. ಕೇಳಿದವರು ಹೊರಗೆ ಹೋಗಿ ಇನ್ನೊಬ್ಬರಿಗೆ ಒಂದೇ ಒಂದು ವಿಷಯ ಹೇಳುವುದಾದರೆ ಅದು ಯಾವುದು? ಜಾಸ್ತಿ ಸಲ ಅದು ಎಲ್ಲೋ ಹತ್ತು ಹನ್ನೆರಡನೇ ಸ್ಲೈಡಿನ ಮೂಲೆಯಲ್ಲಿ ಅಡಗಿ ಕೂತಿರುತ್ತದೆ. ಅದನ್ನು ಎಳೆದು ಮುಂದಕ್ಕೆ ತನ್ನಿ.

ಒಂದು ಉದಾಹರಣೆ ನೋಡಿ. ಆನ್‌ಲೈನ್ ಅಂಗಡಿಯೊಂದರ ಗ್ರಾಹಕರ ದೂರುಗಳ ಬಗ್ಗೆ ನೀವು ಮಾತಾಡಬೇಕು ಅಂದುಕೊಳ್ಳಿ. ‘ಕಳೆದ ಮೂರು ತಿಂಗಳ ದೂರುಗಳ ವರದಿ ಮಂಡಿಸುತ್ತಿದ್ದೇನೆ’ ಎಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಅದರ ಬದಲು: ‘ನಮಗೆ ಬಂದ ದೂರುಗಳಲ್ಲಿ ಅರ್ಧದಷ್ಟು ಒಂದೇ ಬಟನ್‌ ಬಗ್ಗೆ. ಆರ್ಡರ್ ರದ್ದು ಮಾಡುವ ಬಟನ್ ಯಾರ ಕಣ್ಣಿಗೂ ಬೀಳುತ್ತಿಲ್ಲ.’ ಈಗ ಆ ಬಟನ್ ಮಾಡಿದವರು ನೆಟ್ಟಗೆ ಕೂರುತ್ತಾರೆ. ಉಳಿದವರಿಗೆ ಮುಂದೇನು ಅನ್ನುವ ಕುತೂಹಲ. ಹೊಸದಾಗಿ ಏನನ್ನೂ ಸೇರಿಸಿಲ್ಲ, ವರದಿಯಲ್ಲಿ ಇದ್ದದ್ದನ್ನೇ ಮೊದಲು ಹೇಳಿದ್ದು, ಅಷ್ಟೇ.

ಇನ್ನು ಹೇಗೆ ಹೇಳುವುದು ಅನ್ನುವುದು. ಒಗಟಿನ ದಾರಿ ಒಂದಿದೆ. 2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಐಫೋನ್ ಪರಿಚಯಿಸುವಾಗ ಮೂರು ಹೊಸ ಸಾಧನ ತಂದಿದ್ದೇವೆ ಎಂದರು. ಮುಟ್ಟಿ ನಡೆಸುವ ಐಪಾಡ್ (ಹಾಡು ಕೇಳುವ ಸಾಧನ), ಒಂದು ಮೊಬೈಲ್ ಫೋನ್, ಇಂಟರ್ನೆಟ್‌ಗೆ ಒಂದು ಸಾಧನ. ಅದೇ ಪಟ್ಟಿಯನ್ನು ಮತ್ತೆ ಮತ್ತೆ ಹೇಳಿದರು. ಮೂರೂ ಒಂದೇ ಯಂತ್ರ ಎಂದು ಅವರು ಬಾಯಿಬಿಡುವ ಮೊದಲೇ ಸಭೆಗೆ ಗುಟ್ಟು ತಿಳಿದು ನಗು, ಚಪ್ಪಾಳೆ ಶುರುವಾಗಿತ್ತು. ಉತ್ತರವನ್ನು ಕೇಳುಗರೇ ಹುಡುಕಿಕೊಳ್ಳಲು ಬಿಟ್ಟದ್ದು ಅಲ್ಲಿನ ಜಾಣತನ.

ವಸ್ತುವೊಂದನ್ನು ತೋರಿಸಿಯೂ ಶುರು ಮಾಡಬಹುದು. ಬಿಲ್ ಗೇಟ್ಸ್ 2015ರಲ್ಲಿ ಟೆಡ್ ಎಂಬ ಭಾಷಣ ಸಮ್ಮೇಳನಕ್ಕೆ ಸಾಮಾನು ತುಂಬಿಡುವ ಒಂದು ಡ್ರಮ್ ಜೊತೆ ವೇದಿಕೆಗೆ ಬಂದರು. ತಾವು ಚಿಕ್ಕವರಿದ್ದಾಗ ಅಣುಯುದ್ಧದ ಭಯಕ್ಕೆ ಮನೆಯಲ್ಲಿ ಇಂಥದ್ದರಲ್ಲೇ ಊಟ, ನೀರು ತುಂಬಿಡುತ್ತಿದ್ದರು ಎಂದರು. ಅಲ್ಲಿಂದ ನೇರ ವಿಷಯಕ್ಕೆ: ಈಗ ಹೆದರಬೇಕಾದದ್ದು ಬಾಂಬಿಗಲ್ಲ, ಸಾಂಕ್ರಾಮಿಕ ರೋಗಕ್ಕೆ. ವಸ್ತು ಸುಮ್ನೆ ಶೋಕಿಗೆ ಬಂದರೆ ಜನ ಅದನ್ನೇ ನೋಡುತ್ತಾ ಕೂರುತ್ತಾರೆ, ನಿಮ್ಮ ಮಾತು ಗಾಳಿಗೆ.

ಪ್ರಶ್ನೆ ಕೇಳುವುದಿದ್ದರೆ ಉತ್ತರಕ್ಕೆ ಕಾಯಿರಿ. ಕೈ ಎತ್ತಿ ಎಂದು ಹೇಳಿ, ಎತ್ತಿದ ಕೈಗಳನ್ನು ನೋಡದೆ ಮುಂದಕ್ಕೆ ಹೋಗುವವರೇ ಜಾಸ್ತಿ. ಜೋಕು ನನ್ನ ಪ್ರಕಾರ ಬೇಡವೇ ಬೇಡ. ನಗು ಬಾರದಿದ್ದರೆ ಉಳಿದ ಹೊತ್ತೆಲ್ಲ ಹೆಣಗಾಟ. ದೊಡ್ಡವರ ನುಡಿಮುತ್ತು, ನಿಘಂಟಿನ ಅರ್ಥ ಇವನ್ನೂ ಬಿಟ್ಟುಬಿಡಿ.

ಮುಂದಿನದು ಅಭ್ಯಾಸ. ಮೊದಲ ಮೂರು ನಾಲ್ಕು ವಾಕ್ಯ ಮಾತ್ರ ಬಾಯಿಪಾಠ ಮಾಡಿ. ಎದೆ ಡವಡವ ಅನ್ನುವುದು ಆಗಲೇ, ಹಾಗಾಗಿ ಅಲ್ಲಿ ಪದ ಹುಡುಕುವಂತೆ ಇರಬಾರದು. ಉಳಿದದ್ದಕ್ಕೆ ಬಾಯಿಪಾಠ ಬೇಡ, ಒಪ್ಪಿಸಿದ ಹಾಗೆ ಕೇಳುತ್ತದೆ. ಮನಸ್ಸಿನಲ್ಲೇ ಓದಿಕೊಂಡರೆ ಸಾಲದು, ಎದ್ದು ನಿಂತು ಗಟ್ಟಿಯಾಗಿ ಹೇಳಿ ನೋಡಿ. ಉದ್ದ ವಾಕ್ಯ ಎಲ್ಲಿದೆ ಎಂದು ಉಸಿರೇ ಹೇಳುತ್ತದೆ.

ವೇದಿಕೆಗೆ ಹೋದಮೇಲೆ ‘ಕೇಳಿಸ್ತಾ ಇದೆಯಾ?’ ಎಂದು ಮೈಕ್ ಬಡಿಯಬೇಡಿ. ಆ ಪರೀಕ್ಷೆ ಜನ ಬರುವ ಮೊದಲೇ ಮುಗಿದಿರಲಿ. ನಿಂತು, ಎದುರಿಗಿರುವವರನ್ನು ನೋಡಿ, ಒಂದು ಉಸಿರು ತೆಗೆದುಕೊಂಡು ನೇರ ಮೊದಲ ವಾಕ್ಯ ಹೇಳಿ. ಪರದೆಯತ್ತ ಕಣ್ಣು ಹೋಗಬಾರದು ಎಂದಿದ್ದರೆ ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಶೋ ನಡೆಯುವಾಗ ‘ಬಿ’ ಕೀ ಒತ್ತಿ, ಪರದೆ ಕಪ್ಪಾಗುತ್ತದೆ. ಮತ್ತೆ ಒತ್ತಿದರೆ ಸ್ಲೈಡ್ ವಾಪಸ್. ನಮಸ್ಕಾರ, ಹೆಸರು, ಧನ್ಯವಾದ ಎಲ್ಲ ಆಮೇಲೆ ಹೇಳಿದರಾಯಿತು. ಅದರ ಹಿಂದೆಯೇ ಎಷ್ಟು ನಿಮಿಷ ಮಾತಾಡುತ್ತೀರಿ, ಕೊನೆಗೆ ಅವರಿಂದ ಏನು ಬೇಕು ಎಂಬುದನ್ನೂ ತಿಳಿಸಿ.

ಇನ್ನೊಂದು ಮಾತು. ಆರಂಭಕ್ಕೆ ವಿಡಿಯೊ ಇಟ್ಟುಕೊಂಡಿದ್ದರೆ, ಅದಿಲ್ಲದೆ ಹೇಳುವ ಎರಡು ವಾಕ್ಯವನ್ನೂ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಪ್ರೊಜೆಕ್ಟರ್ ಕೈಕೊಡುವುದು ಸಾಮಾನ್ಯವಾಗಿ ಆಗಲೇ.