ಮೈನಸ್ ಬಂದದ್ದೆಲ್ಲ ಎರರ್ ಅಲ್ಲ

ಆರ್ಮ್ ಚಿಪ್‌ಗಾಗಿ ಬರೆದ 32 ಬಿಟ್ ಲಿನಕ್ಸ್ ಪ್ರೋಗ್ರಾಂಗಳನ್ನು ನನ್ನ 64 ಬಿಟ್ ಲ್ಯಾಪ್‌ಟಾಪಿನಲ್ಲಿ ಓಡಿಸಲು ಒಂದು ಚಿಕ್ಕ ಎಮ್ಯುಲೇಟರ್ (ಬೇರೆ ಬಗೆಯ ಕಂಪ್ಯೂಟರಿನಂತೆ ನಟಿಸುವ ಪ್ರೋಗ್ರಾಂ) ಬರೆದಿದ್ದೇನೆ. ಒಳಗಿನ ಪ್ರೋಗ್ರಾಂ ಸಿಸ್ಟಂ ಕಾಲ್ ಮಾಡಿದಾಗ, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಏನಾದರೂ ಕೇಳಿದಾಗ, ಕರ್ನಲ್ ಕೊಡುವ ಉತ್ತರವನ್ನೇ ನನ್ನ ಕೋಡ್ ಕೊಡಬೇಕು. ದಿನನಿತ್ಯದ ಕಾಲ್‌ಗಳು ಬೇಗ ಸರಿಹೋದವು. ಯಾವಾಗಲೋ ಒಮ್ಮೆ ತಲೆ ಎತ್ತುವ ಬಗ್‌ಗಳು ತಿಂಗಳುಗಟ್ಟಲೆ ಕಾಡಿದವು.

ಜಾಸ್ತಿ ಕಾಡಿದ್ದು ಎಂಮ್ಯಾಪ್, ಅಂದರೆ ಮೆಮೊರಿ ಕೇಳುವ ಕಾಲ್. ಉತ್ತರವಾಗಿ ಆ ಮೆಮೊರಿಯ ವಿಳಾಸ ಬರುತ್ತದೆ. ಚಿತ್ರಗಳನ್ನು ಜೋಡಿಸುವ ಒಂದು ಪ್ರೋಗ್ರಾಂ ದೊಡ್ಡ ಚಿತ್ರ ಕೊಟ್ಟರೆ ಮಾತ್ರ ಮೆಮೊರಿ ಸಾಲದು ಎಂದು ನಿಂತುಬಿಡುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಮೆಮೊರಿ ಬೇಕಾದಷ್ಟಿತ್ತು. ಲಾಗ್ ತೆಗೆದು ನೋಡಿದರೆ ಎಂಮ್ಯಾಪ್ ಕೊಟ್ಟ ಎರರ್ 'ಅಂಥ ಫೈಲ್ ಇಲ್ಲ' ಎಂದು! ಖಾಲಿ ಮೆಮೊರಿ ಕೇಳಿದರೆ ಫೈಲಿನ ಮಾತು ಯಾಕೆ ಬರಬೇಕು? ಅಲ್ಲೇ ಸುಳಿವು ಸಿಕ್ಕಿತು.

ಕರ್ನಲ್ ಉತ್ತರವನ್ನೂ ಎರರನ್ನೂ ಒಂದೇ ರಿಜಿಸ್ಟರಿನಲ್ಲಿ (ಪ್ರೊಸೆಸರ್ ಒಳಗೆ ಒಂದು ಸಂಖ್ಯೆ ಇಡುವ ಜಾಗ) ಕೊಡುತ್ತದೆ. ಬಂದ ಸಂಖ್ಯೆ ಸೊನ್ನೆಗಿಂತ ಕಡಿಮೆ ಇದ್ದರೆ ಎರರ್ ಎಂದು ನಾನು ಬರೆದಿದ್ದೆ. ಮೆಮೊರಿಯನ್ನು 1 ಜಿಬಿ ವಿಳಾಸದಿಂದ ಮೇಲಕ್ಕೆ ಹಂಚುತ್ತಿದ್ದೆ. ಅದು 2 ಜಿಬಿ ಮುಟ್ಟಿದ ಕೂಡಲೇ 32 ಬಿಟ್ ಸಂಖ್ಯೆಯ ತುದಿಯ ಬಿಟ್ 1 ಆಗುತ್ತದೆ, ಮೈನಸ್ ಗುರುತು ಅದೇ. ಸರಿಯಾದ ವಿಳಾಸವೇ ಮೈನಸ್ ಆಗಿ ಕಾಣುತ್ತದೆ. ಆಗ ನನ್ನ ಕೋಡ್ ಎರರ್ ಸಂಖ್ಯೆ ಇಡುವ ಎರ್‌ನೋದಲ್ಲಿ ಹಿಂದಿನ ಯಾವುದೋ ಕಾಲ್ ಬಿಟ್ಟುಹೋಗಿದ್ದ ಸಂಖ್ಯೆಯನ್ನು ಎತ್ತಿ ಕೊಡುತ್ತಿತ್ತು.

ಲಿನಕ್ಸ್‌ನ ನಿಯಮ ಬೇರೆ. -4095ರಿಂದ -1ರವರೆಗೆ ಬಂದರೆ ಮಾತ್ರ ಎರರ್. ಇದು ತುಂಬ ಚೆನ್ನಾದ ಲೆಕ್ಕ. ಎಂಮ್ಯಾಪ್ ಕೊಡುವ ವಿಳಾಸ ಯಾವಾಗಲೂ ಪುಟದ ಶುರುವಿನದು, ಪುಟ ಅಂದರೆ ಮೆಮೊರಿ ಹಂಚುವ ಒಂದು ತುಂಡು, ಕಡಿಮೆ ಎಂದರೂ 4096 ಬೈಟ್. ಹಾಗಾಗಿ ಆ ಕೊನೆಯ 4095 ಸಂಖ್ಯೆಗಳಲ್ಲಿ ಒಂದೂ ಎಂಮ್ಯಾಪ್‌ನ ಉತ್ತರ ಆಗಲಾರದು. ಈ ಪರೀಕ್ಷೆಯನ್ನು ಒಂದೇ ಫಂಕ್ಷನ್‌ನಲ್ಲಿಟ್ಟು ಎಲ್ಲ ಕಾಲ್‌ಗಳನ್ನೂ ಅದರ ಮೂಲಕವೇ ಹಾಯಿಸಿದೆ. ಚಿತ್ರ ಕೊನೆಯವರೆಗೂ ಜೋಡಣೆಯಾಯಿತು.

ಗೆಟ್‌ಪ್ರಯಾರಿಟಿಯದ್ದೂ ಇದೇ ಕುಟುಂಬದ ಬಗ್. ಪ್ರೋಗ್ರಾಂನ ಆದ್ಯತೆಯ ಸಂಖ್ಯೆ, ಅಂದರೆ ನೈಸ್, ಎಷ್ಟು ಎಂದು ಕೇಳುವ ಕಾಲ್ ಅದು. ಮ್ಯಾನ್ಯುಯಲ್ ಓದಿದರೆ ಉತ್ತರ -20ರಿಂದ 19. ಆದರೆ ಅದು ಪ್ರೋಗ್ರಾಂ ಮತ್ತು ಕರ್ನಲ್ ನಡುವೆ ನಿಲ್ಲುವ ಸಿ ಲೈಬ್ರರಿ ಕೊಡುವ ಉತ್ತರ. ಮೈನಸ್ ಬಂದರೆ ಎರರ್ ಜೊತೆ ಗೊಂದಲ ಆಗುತ್ತದಲ್ವಾ? ಅದಕ್ಕೇ ಕರ್ನಲ್ ನೈಸ್ ಸಂಖ್ಯೆಯನ್ನು 20ರಿಂದ ಕಳೆದು 1ರಿಂದ 40ರ ಒಳಗಿನ ಸಂಖ್ಯೆ ಕೊಡುತ್ತದೆ. ಲೈಬ್ರರಿ ಮತ್ತೆ ತಿರುಗಿಸಿ ಕಳೆಯುತ್ತದೆ. ನಾನು ನನ್ನ ಕಡೆಯ ಲೈಬ್ರರಿಯ ಉತ್ತರವನ್ನೇ ಹಾಗೇ ದಾಟಿಸಿದ್ದೆ. ನೈಸ್ 0 ಇದ್ದರೆ ಒಳಗೆ 20 ಎಂದು ಕಾಣುತ್ತಿತ್ತು. -5 ಇದ್ದರೆ ಇನ್‌ಪುಟ್-ಔಟ್‌ಪುಟ್ ಎರರ್, ಯಾಕೆಂದರೆ ಎರರ್ ಪಟ್ಟಿಯಲ್ಲಿ 5 ಅಂದರೆ ಅದೇ. ಲೈಬ್ರರಿಯನ್ನು ಬಿಟ್ಟು ನೇರವಾಗಿ ಸಿಸ್ಟಂ ಕಾಲ್ ಮಾಡಿದ ಮೇಲೆ ಸರಿಯಾಯಿತು.

ಈಗ ಯಾವುದೇ ಕಾಲ್ ಮುಟ್ಟುವ ಮೊದಲು ಅದರದ್ದೊಂದು ಪುಟ್ಟ ಟೆಸ್ಟ್ ಬರೆದು ರಾಸ್ಪ್‌ಬೆರಿ ಪೈ ಎಂಬ ಚಿಕ್ಕ ಆರ್ಮ್ ಕಂಪ್ಯೂಟರಿನಲ್ಲಿ ಓಡಿಸುತ್ತೇನೆ. ಸಿಸ್ಟಂ ಕಾಲ್‌ಗಳನ್ನು ಪಟ್ಟಿ ಮಾಡುವ ಎಸ್‌ಟ್ರೇಸ್ ತೋರಿಸುವ ಉತ್ತರವನ್ನು ನನ್ನದರ ಪಕ್ಕ ಇಟ್ಟು ನೋಡುತ್ತೇನೆ. ಫೈಲಿಗೆ ಸೊನ್ನೆ ಬೈಟ್ ಬರೆಯುವ ರೈಟ್ ಕಾಲ್‌ನ ಬಗ್ ಸಿಕ್ಕಿದ್ದು ಹಾಗೆಯೇ. ಡೇಟಾದ ವಿಳಾಸ ಹೇಳುವ ಪಾಯಿಂಟರ್ ನಲ್ (ಖಾಲಿ) ಇದ್ದರೂ ಪೈನಲ್ಲಿ 0 ಬರುತ್ತದೆ. ನನ್ನದು ಪಾಯಿಂಟರನ್ನೇ ಮೊದಲು ನೋಡಿ ಕೆಟ್ಟ ವಿಳಾಸ ಎನ್ನುತ್ತಿತ್ತು. ಫೈಲ್ ಮುಚ್ಚಿಹೋಗಿದ್ದರೆ ಆ ಎರರೇ ಮೊದಲು ಬರಬೇಕು. ಆ ಕ್ರಮವನ್ನೂ ತಿದ್ದಿದೆ.