ನೆರಳಿನ ಬಣ್ಣ: ಇಂಪ್ರೆಷನಿಸ್ಟ್ ಕ್ರಮದಲ್ಲಿ ಒಂದು ತೈಲಚಿತ್ರ ಬರೆಯುವುದು

ಕಪ್ಪು ಬಣ್ಣದ ಟ್ಯೂಬನ್ನು ಮನೆಯಲ್ಲೇ ಬಿಟ್ಟು ಹೊರಡಿ. ಹತ್ತೊಂಬತ್ತನೇ ಶತಮಾನದ ಫ್ರಾನ್ಸಿನಲ್ಲಿ ಬದಲಾಗುವ ಬೆಳಕನ್ನು ಬಣ್ಣದಲ್ಲಿ ಹಿಡಿಯಲು ಹೊರಟ ಚಿತ್ರಕಾರರು, ಅಂದರೆ ಇಂಪ್ರೆಷನಿಸ್ಟರು, ನೋಡಿದ ಹಾಗೆ ನೋಡುವುದನ್ನು ಕಲಿಯಬೇಕಾದರೆ ನೆರಳಿನಿಂದಲೇ ಶುರು ಮಾಡಬೇಕು. ಅವರಲ್ಲೊಬ್ಬನಾದ ಕ್ಲೋಡ್ ಮೋನೆ 1868–69ರ ಚಳಿಗಾಲದಲ್ಲಿ ಬರೆದ 'ದಿ ಮ್ಯಾಗ್‌ಪೈ' ಚಿತ್ರದಲ್ಲಿ ಹಿಮದ ಮೇಲೆ ಬೇಲಿಯ ನೆರಳು ಬಿದ್ದಿದೆ. ಆ ನೆರಳು ನೀಲಿ. ಸೂರ್ಯನ ನೇರ ಬೆಳಕಿನಲ್ಲಿ ಹಳದಿಯ ಅಂಶ ಹೆಚ್ಚು. ಅದು ತಲುಪದ ಜಾಗಕ್ಕೂ ಆಕಾಶದ ನೀಲಿ ಬೆಳಕು ಬೀಳುತ್ತಲೇ ಇರುತ್ತದೆ.

ತಂತಿಯ ಮೇಲೆ ಒಣಹಾಕಿದ ಬಿಳಿ ಪಂಚೆಯನ್ನು ಬೆಳಗಿನ ಬಿಸಿಲಲ್ಲಿ ನೋಡಿ. ಮಡಿಕೆಯೊಳಗಿನ ನೆರಳು ತಿಳಿನೀಲಿ. ಕೆಮ್ಮಣ್ಣಿನ ನೆಲವಾದರೆ ಕೆಳಗಿನ ಅಂಚಿನ ನೆರಳಿಗೆ ನೆಲದಿಂದ ಪುಟಿದ ಕೇಸರಿ ಛಾಯೆ. ಕಣ್ಣು ಇನ್ನೂ 'ಬಿಳಿ ಬಟ್ಟೆ' ಎಂದೇ ಹಟ ಹಿಡಿದರೆ, ಬೂದು ರಟ್ಟಿನಲ್ಲಿ ಕಡಲೆಕಾಳಿನಷ್ಟು ತೂತು ಮಾಡಿ, ಕೈ ಚಾಚಿ ಹಿಡಿದು, ಒಂದೇ ಕಣ್ಣಿಂದ ಅದರೊಳಗೆ ನೋಡಿ. ಬಟ್ಟೆ ಮರೆಯಾಗಿ ಬಣ್ಣ ಮಾತ್ರ ಉಳಿಯುತ್ತದೆ. ಆದರೆ ನೆರಳೆಂದರೆ ನೀಲಿ ಎಂಬುದನ್ನು ಸೂತ್ರ ಮಾಡಿಕೊಳ್ಳಬೇಡಿ. ಮೋಡ ಕವಿದ ದಿನ ನೆರಳು ಬೂದು, ಅಂಚು ಮಸುಕು. ಆಗ ನೀಲಿ ಬಳಿದರೆ ಚಿತ್ರ ಸುಳ್ಳು ಹೇಳುತ್ತದೆ.

ಬಣ್ಣಗಳು ಆರೇಳು ಸಾಕು. ಮೋನೆ 1905ರ ಪತ್ರವೊಂದರಲ್ಲಿ ತನ್ನ ಬಣ್ಣಗಳನ್ನು ಹೆಸರಿಸಿದ್ದಾನೆ: ಸೀಸದ ಬಿಳಿ, ಕ್ಯಾಡ್ಮಿಯಂ ಹಳದಿ, ವರ್ಮಿಲಿಯನ್, ಮ್ಯಾಡರ್ ಕೆಂಪು, ಕೋಬಾಲ್ಟ್ ನೀಲಿ, ವಿರಿಡಿಯನ್ ಹಸಿರು. ಸೀಸ ವಿಷ, ಹಾಗಾಗಿ ಟೈಟಾನಿಯಂ ವೈಟ್ ಕೊಳ್ಳಿ. ವರ್ಮಿಲಿಯನ್ ಬದಲು ಕ್ಯಾಡ್ಮಿಯಂ ರೆಡ್, ಮ್ಯಾಡರ್ ಬದಲು ಅಲಿಜರಿನ್ ಕ್ರಿಮ್ಸನ್ ಆಗುತ್ತದೆ. ಜೊತೆಗೊಂದು ಅಲ್ಟ್ರಾಮರೀನ್ ನೀಲಿ ಇರಲಿ. ತೀರಾ ಗಾಢ ಬಣ್ಣ ಬೇಕಾದಲ್ಲಿ ಅಲ್ಟ್ರಾಮರೀನ್, ಕ್ರಿಮ್ಸನ್, ಚೂರು ವಿರಿಡಿಯನ್ ಕಲಸಿ. ಹೆಚ್ಚುಕಡಿಮೆ ಕಪ್ಪೇ ಬರುತ್ತದೆ, ಆದರೆ ಅದರಲ್ಲಿ ಜೀವ ಇರುತ್ತದೆ.

ಕ್ಯಾನ್ವಾಸ್ 12×16 ಇಂಚಿಗಿಂತ ದೊಡ್ಡದು ಬೇಡ. ಬ್ರಷ್ ಹಂದಿಕೂದಲಿನದು, ಚಪ್ಪಟೆ: 4, 6, 10ನೇ ನಂಬರು, ಪ್ರತಿಯೊಂದೂ ಎರಡೆರಡು. ಒಂದು ಕೆಂಪು, ಹಳದಿಯಂಥ ಬಿಸಿ ಬಣ್ಣಗಳಿಗೆ, ಇನ್ನೊಂದು ನೀಲಿ, ಹಸಿರಿನಂಥ ತಣ್ಣನೆಯವಕ್ಕೆ. ಹಳೆಯ ಬನಿಯನ್ ಚಿಂದಿ ಧಾರಾಳವಾಗಿ ಒಯ್ಯಿರಿ. ಬಯಲಲ್ಲಿ ಕೂತು ತೈಲವರ್ಣ ಬರೆಯುವುದು ಸಲೀಸಾದದ್ದೇ 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ ತಗಡಿನ ಟ್ಯೂಬಿಗೆ ಪೇಟೆಂಟ್ ಪಡೆದ ಮೇಲೆ. ಅದಕ್ಕೂ ಮುಂಚೆ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ ಒಯ್ಯುತ್ತಿದ್ದರು.

ನಮ್ಮ ಕಡೆ ಕೂರಲು ಒಳ್ಳೆಯ ಹೊತ್ತು ಬೆಳಗ್ಗೆ 7ರಿಂದ 9, ಸಂಜೆ 4:30ರ ನಂತರ. ಮಧ್ಯಾಹ್ನ ನೆರಳೆಲ್ಲ ಕಾಲಡಿ ಸೇರಿ, ಬರೆಯಲು ಏನೂ ಉಳಿಯುವುದಿಲ್ಲ. ಕ್ಯಾನ್ವಾಸಿನ ಮುಖದ ಮೇಲೆ ಬಿಸಿಲು ಬೀಳದಂತೆ ಈಸಲ್ (ಕ್ಯಾನ್ವಾಸ್ ನಿಲ್ಲಿಸುವ ಮರದ ಕಾಲುಚೌಕಟ್ಟು) ತಿರುಗಿಸಿ, ಇಲ್ಲವೇ ಕೊಡೆ ಕಟ್ಟಿ. ಬಿಸಿಲಲ್ಲಿ ಬಣ್ಣ ಇರುವುದಕ್ಕಿಂತ ಬೆಳ್ಳಗೆ ಕಾಣುವುದರಿಂದ ಕೈ ತಾನಾಗಿ ಗಾಢ ಕಲಸುತ್ತದೆ. ಮನೆಗೆ ತಂದರೆ ಚಿತ್ರ ಮಂಕು. ಬಿಳಿ ಅಂಗಿ ಹಾಕಿದರೂ ತೊಂದರೆ, ಅದರ ಹೊಳಪು ಹಸಿ ಬಣ್ಣದ ಮೇಲೆ ಮಿನುಗುತ್ತದೆ.

ಮೊದಲ ಐದು ನಿಮಿಷದಲ್ಲಿ ಟರ್ಪೆಂಟೈನಿನಲ್ಲಿ ತೆಳುಮಾಡಿದ ನೀಲಿಯಿಂದ ನೆರಳುಗಳ ಆಕಾರ ಗುರುತು ಮಾಡಿ. ಬೆಳಕು ಎಷ್ಟೇ ಸರಿದರೂ ಆ ಗುರುತನ್ನು ಬದಲಿಸಬೇಡಿ. ಹತ್ತರಲ್ಲಿ ಎಂಟು ಚಿತ್ರ ಕೆಡುವುದು ಇಲ್ಲೇ: ಎಡಗಡೆ ಏಳು ಗಂಟೆಯ ನೆರಳು, ಬಲಗಡೆ ಒಂಬತ್ತರದ್ದು. ಒಂದು ಗಂಟೆ ಕಳೆದರೆ ಕ್ಯಾನ್ವಾಸ್ ಇಳಿಸಿ, ಮರುದಿನ ಅದೇ ಹೊತ್ತಿಗೆ ಬನ್ನಿ. ಹುಲ್ಲುಬಣವೆಗಳ ಸರಣಿ ಬರೆಯುವಾಗ ಮೋನೆ ಬೆಳಕು ಬದಲಾದಂತೆ ಕ್ಯಾನ್ವಾಸನ್ನೇ ಬದಲಿಸುತ್ತಿದ್ದ. 1891ರಲ್ಲಿ ಪ್ಯಾರಿಸ್ಸಿನಲ್ಲಿ ಅವುಗಳಲ್ಲಿ 15 ಒಟ್ಟಿಗೆ ಪ್ರದರ್ಶನಗೊಂಡವು.

ಈಗ ಬಣ್ಣ. ಒಂದು ಬ್ರಷ್ ತುಂಬ ತೆಗೆದುಕೊಂಡು ಎರಡು ಅಥವಾ ಮೂರು ಸಲ ಒತ್ತಿ, ನಿಲ್ಲಿಸಿ, ಚಿಂದಿಯಲ್ಲಿ ಒರೆಸಿ. ನಾಲ್ಕನೇ ಸಲಕ್ಕೆ ಕೆಳಗಿನ ಹಸಿ ಬಣ್ಣ ಮೇಲೆದ್ದು ಎಲ್ಲ ಕೆಸರಾಗುತ್ತದೆ. ಕಿತ್ತಳೆ–ನೀಲಿ, ಕೆಂಪು–ಹಸಿರು, ಹಳದಿ–ನೇರಳೆ ಜೋಡಿಗಳು ಕಲಸಿದರೆ ಬೂದಾಗುತ್ತವೆ, ಪಕ್ಕಪಕ್ಕ ಇಟ್ಟರೆ ಒಂದನ್ನೊಂದು ಹೊಳೆಯಿಸುತ್ತವೆ. ಮರದ ಹಸಿರು ಸತ್ತಂತೆ ಕಂಡರೆ ಮತ್ತಷ್ಟು ಹಸಿರು ಸುರಿಯಬೇಡಿ. ನಡುವೆ ಅಲ್ಲಲ್ಲಿ ಇಟ್ಟಿಗೆಗೆಂಪಿನ ನಾಲ್ಕು ಚುಕ್ಕೆ ಇಡಿ.

ಹೊಳಪು ಬಿಳಿಯಿಂದಲೇ ಬರುತ್ತದೆ ಎಂದುಕೊಂಡವರು 'ಇಂಪ್ರೆಷನ್, ಸನ್‌ರೈಸ್' ಚಿತ್ರದ ಬಣ್ಣದ ಮುದ್ರಣವನ್ನು ಫೋನಿನಲ್ಲಿ ಕಪ್ಪು-ಬಿಳುಪಿಗೆ ತಿರುಗಿಸಿ ನೋಡಬೇಕು. 1872ರ ಆ ಚಿತ್ರದ ಕಿತ್ತಳೆ ಸೂರ್ಯ ಸುತ್ತಲಿನ ಬೂದು ಆಕಾಶದಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತಾನೆ! ಸೂರ್ಯನೂ ಆಕಾಶವೂ ಒಂದೇ ಗಾಢತೆ. ಅವನು ಉರಿಯುವಂತೆ ಕಾಣುವುದು ಬಣ್ಣದ ವ್ಯತ್ಯಾಸದಿಂದ ಮಾತ್ರ. 1874ರ ಪ್ರದರ್ಶನದಲ್ಲಿ ಇಡೀ ಗುಂಪಿಗೆ 'ಇಂಪ್ರೆಷನಿಸ್ಟರು' ಎಂಬ ಹೆಸರು ತಂದ ಚಿತ್ರ ಇದೇ. ನಿಮ್ಮ ಚಿತ್ರದ ಫೋಟೋವನ್ನೂ ಹೀಗೇ ಪರೀಕ್ಷಿಸಿ. ಎಲೆಗಳ ಮೇಲೆಲ್ಲ ಬಿಳಿ ಸುಣ್ಣ ಚೆಲ್ಲಿದಂತಿದ್ದರೆ ಬಿಳಿ ಕೆರೆದು ತೆಗೆದು, ಹಳದಿ ಸೇರಿಸಿ.

ಎರಡನೇ ದಿನದ ಪದರಕ್ಕೆ ಟರ್ಪೆಂಟೈನ್ ಕಡಿಮೆ ಮಾಡಿ, ಒಂದೆರಡು ಹನಿ ಅಗಸೆ ಎಣ್ಣೆ ಸೇರಿಸಿ. ಎಣ್ಣೆ ಹೆಚ್ಚಿದ್ದು ಕೆಳಗೆ, ಕಡಿಮೆ ಇದ್ದದ್ದು ಮೇಲೆ ಬಂದರೆ ಮುಂದೆ ಬಿರುಕು ಬಿಡುತ್ತದೆ. ಎಣ್ಣೆ ಹೀರಿದ ಚಿಂದಿಯನ್ನು ಗುಡ್ಡೆ ಹಾಕಬೇಡಿ, ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಬಿಡಿಸಿ ಒಣಗಿಸಿ ಎಸೆಯಿರಿ.

ದಪ್ಪ ಬಣ್ಣ ಒಳಗಿನವರೆಗೆ ಒಣಗಲು ತಿಂಗಳುಗಳೇ ಬೇಕು. ಚಿತ್ರವನ್ನು ಬೀರುವಿನಲ್ಲಿ ಮುಚ್ಚಿಡದೆ ಬೆಳಕಿರುವ ಕೋಣೆಯಲ್ಲಿಡಿ. ಕತ್ತಲಲ್ಲಿ ಅಗಸೆ ಎಣ್ಣೆ ಹಳದಿಗೆ ತಿರುಗಿ, ಕಷ್ಟಪಟ್ಟು ಹಿಡಿದ ನೀಲಿ ನೆರಳು ಹಸಿರಾಗುತ್ತದೆ.