ಕಪಲ್ಸ್ ಥೆರಪಿ ಶುರು ಮಾಡುವ ಮುಂಚೆ ಇಬ್ಬರೂ ಯೋಚಿಸಬೇಕಾದದ್ದು

ಕಪಲ್ಸ್ ಥೆರಪಿಗೆ, ಅಂದರೆ ಸಂಬಂಧದ ಸಮಸ್ಯೆಗೆ ಇಬ್ಬರೂ ಜೋಡಿಯಾಗಿ ಪಡೆಯುವ ಆಪ್ತಸಮಾಲೋಚನೆಗೆ, ಹೋಗುವವರಲ್ಲಿ ತುಂಬಾ ಜನ ಒಳಗೊಳಗೇ ಒಂದು ಆಸೆ ಇಟ್ಟುಕೊಂಡಿರುತ್ತಾರೆ. ಎದುರಿಗೆ ಕೂತ ಥೆರಪಿಸ್ಟ್ ಎಲ್ಲ ಕೇಳಿಸಿಕೊಂಡು, ಕೊನೆಗೆ ನಮ್ಮ ಸಂಗಾತಿಯ ಕಡೆ ತಿರುಗಿ "ತಪ್ಪು ನಿಮ್ಮದೇ ನೋಡಿ" ಅನ್ನಬೇಕು. ತಮಾಷೆ ಏನು ಅಂದರೆ, ಇಬ್ಬರದ್ದೂ ಇದೇ ಆಸೆ. ಅದು ನಡೆಯುವುದಿಲ್ಲ. ಥೆರಪಿಸ್ಟ್ ಅಲ್ಲಿ ಪಂಚಾಯ್ತಿ ಮಾಡಲು ಕೂತಿರುವುದಿಲ್ಲ. ಜಗಳ ಹೇಗೆ ಶುರುವಾಗುತ್ತದೆ, ಒಬ್ಬರು ಏನಂದಾಗ ಇನ್ನೊಬ್ಬರು ಏನು ಮಾಡುತ್ತಾರೆ, ಆಮೇಲೆ ಅದು ಯಾವ ದಾರಿ ಹಿಡಿಯುತ್ತದೆ, ಅವರ ಕಣ್ಣು ಇರುವುದು ಅದರ ಮೇಲೆ. ಇದು ಗೊತ್ತಿಲ್ಲದೆ ಹೋದರೆ ಮೊದಲ ಮೂರ್ನಾಲ್ಕು ಸೆಷನ್ ದೂರು ಹೇಳುವುದರಲ್ಲೇ ಮುಗಿಯುತ್ತದೆ. ದುಡ್ಡೂ ಖರ್ಚು, ಮನಸ್ಸೂ ಕಹಿ.

ಹಾಗಾಗಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವ ಮುಂಚಿನ ಕೆಲಸದ ಬಗ್ಗೆಯೇ ಇಲ್ಲಿ ಜಾಸ್ತಿ ಹೇಳುತ್ತೇನೆ.

ಯಾತಕ್ಕೆ ಹೋಗುತ್ತಿದ್ದೀರಿ?

"ನಮ್ಮ ಸಂಬಂಧ ಸರಿ ಹೋಗಬೇಕು" ಅನ್ನುವುದು ಉತ್ತರ ಅಲ್ಲ, ಅದನ್ನು ಎಲ್ಲರೂ ಹೇಳುತ್ತಾರೆ. ಇಬ್ಬರೂ ಬೇರೆ ಬೇರೆ ಕೂತು, ಒಬ್ಬರದ್ದು ಒಬ್ಬರಿಗೆ ತೋರಿಸದೆ, ಎರಡು ವಿಷಯ ಬರೆದುಕೊಳ್ಳಿ. ಆರು ತಿಂಗಳಾದ ಮೇಲೆ ಒಂದು ಮಾಮೂಲಿ ದಿನದಲ್ಲಿ ಏನು ಬೇರೆ ಥರ ಇರಬೇಕು? ಅದಕ್ಕೆ ನಾನು ನನ್ನಲ್ಲಿ ಏನು ಬದಲಾಯಿಸಿಕೊಳ್ಳಲು ತಯಾರಿದ್ದೇನೆ? ಮೊದಲನೆಯದಕ್ಕೆ ಪುಟಗಟ್ಟಲೆ ಬರುತ್ತದೆ, ಎರಡನೆಯದಕ್ಕೆ ಪೆನ್ನು ನಿಂತುಬಿಡುತ್ತದೆ. ಪರವಾಗಿಲ್ಲ, ಒಂದೇ ಸಾಲು ಬಂದರೂ ಸಾಕು. "ಮಾತಾಡುವಾಗ ಫೋನ್ ನೋಡುವುದಿಲ್ಲ" ಅನ್ನುವಂಥ ಸಣ್ಣ ಸಾಲು "ಇನ್ಮೇಲೆ ಚೆನ್ನಾಗಿ ನೋಡಿಕೊಳ್ಳುತ್ತೇನೆ" ಅನ್ನುವ ದೊಡ್ಡ ಮಾತಿಗಿಂತ ಎಷ್ಟೋ ಮೇಲು.

ಇನ್ನೊಂದು ಪ್ರಶ್ನೆ ಕಷ್ಟದ್ದು. ಇಬ್ಬರಿಗೂ ಜೊತೆಗಿರಬೇಕು ಅಂತಲೇ ಇದೆಯಾ? ಒಬ್ಬರು ಉಳಿಸಿಕೊಳ್ಳಲು ಬಂದಿರುತ್ತಾರೆ, ಇನ್ನೊಬ್ಬರು "ನಾನೂ ಪ್ರಯತ್ನಪಟ್ಟೆ" ಅಂತ ಹೇಳಿಕೊಂಡು ಹೊರಡಲು ಬಂದಿರುತ್ತಾರೆ. ಇದು ಅಪರೂಪವೇನಲ್ಲ. ಆಗ ಮಾಮೂಲಿ ಕಪಲ್ಸ್ ಥೆರಪಿ ಮುಂದಕ್ಕೇ ಹೋಗುವುದಿಲ್ಲ, ಯಾಕಂದರೆ ಇಬ್ಬರೂ ಮನಸ್ಸಿಟ್ಟು ಕೆಲಸ ಮಾಡಿದರೆ ಮಾತ್ರ ಅದು ನಡೆಯುವುದು. ಇಂಥವರಿಗೆಂದೇ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಬಿಲ್ ಡೊಹರ್ಟಿ ಡಿಸರ್ನ್‌ಮೆಂಟ್ ಕೌನ್ಸೆಲಿಂಗ್ ಅನ್ನುವ ಪದ್ಧತಿ ರೂಪಿಸಿದರು. ಹೆಚ್ಚೆಂದರೆ 5 ಸೆಷನ್. ಅಲ್ಲಿ ಸಮಸ್ಯೆ ಬಗೆಹರಿಸಲು ಹೋಗುವುದೇ ಇಲ್ಲ. ಇರುವ ಹಾಗೇ ಮುಂದುವರಿಯುವುದಾ, ಬೇರೆ ಆಗುವುದಾ, ಇಲ್ಲಾ 6 ತಿಂಗಳ ಮಟ್ಟಿಗೆ ಡಿವೋರ್ಸ್ ಮಾತು ಬದಿಗಿಟ್ಟು ಪೂರ್ತಿ ಮನಸ್ಸಿನಿಂದ ಥೆರಪಿ ಮಾಡುವುದಾ, ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಲು ನೆರವಾಗುತ್ತಾರೆ ಅಷ್ಟೆ. ನಿಮ್ಮಲ್ಲಿ ಒಬ್ಬರ ಮನಸ್ಸು ಆಗಲೇ ಹೊಸ್ತಿಲು ದಾಟಿದ್ದರೆ ಥೆರಪಿಸ್ಟ್‌ಗೆ ಮೊದಲ ಫೋನಿನಲ್ಲೇ ಹೇಳಿಬಿಡಿ. ಹೇಳದಿದ್ದರೆ ಇನ್ನೊಬ್ಬರು ಸುಮ್ನೆ ಆಸೆ ಇಟ್ಟುಕೊಂಡು ತಿಂಗಳುಗಟ್ಟಲೆ ಬರುತ್ತಿರುತ್ತಾರೆ.

ಭಯ ಇದ್ದರೆ ಜೊತೆಯಾಗಿ ಹೋಗಬೇಡಿ

ಹೊಡೆತ, ಬೆದರಿಕೆ, ಹೋದಲ್ಲಿ ಬಂದಲ್ಲಿ ಕಣ್ಣಿಡುವುದು, ಕೈಗೆ ಕಾಸು ಸಿಗದ ಹಾಗೆ ಮಾಡುವುದು, ಇವೆಲ್ಲ "ಹೊಂದಾಣಿಕೆ ಸಮಸ್ಯೆ" ಅಲ್ಲ. ಒಂದು ಪ್ರಶ್ನೆ ಕೇಳಿಕೊಳ್ಳಿ. ಸೆಷನ್‌ನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದರೆ ಮನೆಗೆ ಹೋದ ಮೇಲೆ ನನಗೆ ಏನಾಗಬಹುದು? ಉತ್ತರ ಯೋಚಿಸಿದಾಗ ಎದೆ ಢವಢವ ಅಂದರೆ ಜೋಡಿಯಾಗಿ ಹೋಗುವುದು ಸದ್ಯಕ್ಕೆ ಬೇಡ. ಅಲ್ಲಿ ಆಡಿದ ಮಾತು ಮನೆಯಲ್ಲಿ ನಿಮ್ಮ ಮೇಲೇ ತಿರುಗಿ ಬೀಳಬಹುದು. ಮೊದಲು ಒಬ್ಬರೇ ಹೋಗಿ ಸಹಾಯ ಪಡೆಯಿರಿ, ಕೌಟುಂಬಿಕ ದೌರ್ಜನ್ಯದ ಸಹಾಯವಾಣಿ ಇದ್ದರೆ ಅಲ್ಲಿಗೆ ಕರೆ ಮಾಡಿ. ಒಳ್ಳೆಯ ಥೆರಪಿಸ್ಟ್ ಶುರುವಿನಲ್ಲೇ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಇದನ್ನು ಕೇಳುತ್ತಾರೆ. ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಕೇಳದಿದ್ದರೆ ಸ್ವಲ್ಪ ಅನುಮಾನ ಪಡಿ.

ಥೆರಪಿಸ್ಟಾ, ಕೋಚಾ?

ಥೆರಪಿಸ್ಟ್ ಆಗಲು ಮನಶ್ಶಾಸ್ತ್ರ ಅಥವಾ ಅದಕ್ಕೆ ಹತ್ತಿರದ ವಿಷಯದಲ್ಲಿ ಓದಿರಬೇಕು, ಹಿರಿಯರ ಉಸ್ತುವಾರಿಯಲ್ಲಿ ಕೆಲಸ ಮಾಡಿರಬೇಕು, ಎಷ್ಟೋ ದೇಶಗಳಲ್ಲಿ ಲೈಸೆನ್ಸ್ ಕೂಡ ಬೇಕು. ಸಂಬಂಧದ ಬಗ್ಗೆ ಮಾರ್ಗದರ್ಶನ ಕೊಡುವ ಕೋಚ್ ಅನ್ನುವ ಹೆಸರಿಗೆ ಹೆಚ್ಚಿನ ಕಡೆ ಇಂಥ ಕಟ್ಟುಪಾಡಿಲ್ಲ. ಇವತ್ತು ಬೆಳಿಗ್ಗೆ ಎದ್ದು ಯಾರು ಬೇಕಾದರೂ ರಿಲೇಷನ್‌ಶಿಪ್ ಕೋಚ್ ಅಂತ ಬೋರ್ಡ್ ಹಾಕಿಕೊಳ್ಳಬಹುದು. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಅನ್ನುವ ಕೋಚ್‌ಗಳ ಸಂಸ್ಥೆ ಸರ್ಟಿಫಿಕೇಟ್ ಕೊಡುತ್ತದೆ ನಿಜ. ಅದರ ಮೊದಲ ಹಂತವಾದ ಎಸಿಸಿಗೆ (ಅಸೋಸಿಯೇಟ್ ಸರ್ಟಿಫೈಡ್ ಕೋಚ್) 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಕೇಳುತ್ತಾರೆ. ಆದರೆ ಅದು ಕೋಚಿಂಗ್‌ಗೆ ಸಿಗುವ ಸರ್ಟಿಫಿಕೇಟ್, ದಾಂಪತ್ಯದ ವಿಷಯದಲ್ಲಿ ಪಳಗಿದವರು ಅನ್ನುವುದಕ್ಕೆ ಗುರುತಲ್ಲ.

ಹಾಗಂತ ಕೋಚ್‌ಗಳೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ಸಂಬಂಧ ಒಟ್ಟಾರೆ ಚೆನ್ನಾಗಿದೆ, ಮದುವೆಗೆ ಮುಂಚೆ ದುಡ್ಡು, ಮಕ್ಕಳು, ಕೆಲಸದ ಬಗ್ಗೆ ನೇರವಾಗಿ ಮಾತಾಡಿಕೊಳ್ಳಬೇಕು, ಅಥವಾ ವಾರಕ್ಕೊಮ್ಮೆ ಕೂತು ಮಾತಾಡುವ ಅಭ್ಯಾಸ ಹಿಡಿಯಬೇಕು ಅನ್ನುವವರಿಗೆ ಒಳ್ಳೆಯ ಕೋಚ್ ಸಾಕಾಗಬಹುದು. ಬೇರೆ ಸಂಬಂಧ ಬೆಳಕಿಗೆ ಬಂದಿದೆ, ಕುಡಿತ ಇದೆ, ಖಿನ್ನತೆ ಇದೆ, ಹಳೆಯ ಗಾಯ ಕೆದಕಿದರೆ ಕೈಮೀರುವ ಹಾಗಿದೆ ಅಂದರೆ ಕೋಚ್ ಬೇಡ. ಅಂಥದ್ದನ್ನು "ಅದು ನನ್ನ ಕೆಲಸ ಅಲ್ಲ" ಅಂತ ಬೇರೆಯವರ ಹತ್ತಿರ ಕಳಿಸುವವರೇ ಒಳ್ಳೆಯ ಕೋಚ್. "ಹನ್ನೆರಡು ವಾರದಲ್ಲಿ ಸಂಬಂಧ ಸರಿ ಮಾಡಿಕೊಡುತ್ತೇವೆ" ಅಂತ ಗ್ಯಾರಂಟಿ ಕೊಟ್ಟು ಪೂರ್ತಿ ದುಡ್ಡು ಮುಂಗಡ ಕೇಳುವವರಿಂದ ದೂರ ಇರಿ.

ಥೆರಪಿಸ್ಟ್ ಅಂದ ಮಾತ್ರಕ್ಕೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಒಬ್ಬರ ಜೊತೆ ಕೆಲಸ ಮಾಡುವುದು ಬೇರೆ, ಸಿಟ್ಟಾಗಿರುವ ಇಬ್ಬರನ್ನು ಒಂದೇ ಕೋಣೆಯಲ್ಲಿ ಸಂಭಾಳಿಸುವುದು ಬೇರೆ. ಕೇಳಿ: ನಿಮ್ಮ ಹತ್ತಿರ ಬರುವವರಲ್ಲಿ ಜೋಡಿಗಳು ಎಷ್ಟು? ಜೋಡಿಗಳ ಥೆರಪಿಗೇ ಅಂತ ಯಾವ ತರಬೇತಿ ಆಗಿದೆ? ಉತ್ತರದಲ್ಲಿ ಎರಡು ಹೆಸರು ಆಗಾಗ ಕೇಳಬಹುದು. ಒಂದು ಇಎಫ್‌ಟಿ, ಅಂದರೆ ಎಮೋಷನಲಿ ಫೋಕಸ್ಡ್ ಥೆರಪಿ. ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ 1980ರ ದಶಕದಲ್ಲಿ ರೂಪಿಸಿದ್ದು. ಸಿಟ್ಟಿನ ಕೆಳಗೆ ಅಡಗಿರುವ "ನಾನು ನಿನಗೆ ಮುಖ್ಯವಾ?" ಅನ್ನುವ ಭಯವನ್ನು ಹುಡುಕುತ್ತದೆ. ಇನ್ನೊಂದು ಗಾಟ್‌ಮನ್ ವಿಧಾನ, ಅದರ ಬಗ್ಗೆ ಕೆಳಗೆ ಹೇಳುತ್ತೇನೆ. ಯಾವುದು ಮೇಲು ಅಂತ ತಲೆ ಕೆಡಿಸಿಕೊಳ್ಳಬೇಡಿ. ಅವರು ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಅಂತ ನಿಮಗೆ ಅರ್ಥವಾಗುವ ಹಾಗೆ ಹೇಳಬಲ್ಲರಾ, ಅದನ್ನು ನೋಡಿ.

ಗುಟ್ಟಿನ ನಿಯಮ

ಇದನ್ನು ಬಹಳ ಜನ ಕೇಳುವುದೇ ಇಲ್ಲ, ಆಮೇಲೆ ಒದ್ದಾಡುತ್ತಾರೆ. ಜೋಡಿಯಾಗಿ ಒಂದು ಸೆಷನ್ ಆದ ಮೇಲೆ ಒಬ್ಬೊಬ್ಬರನ್ನೇ ಒಂದು ಸಲ ಕರೆದು ಮಾತಾಡಿಸುವುದು ತುಂಬಾ ಥೆರಪಿಸ್ಟ್‌ಗಳ ರೂಢಿ. ಅಲ್ಲಿ ನೀವು "ನನಗೆ ಬೇರೆ ಒಬ್ಬರ ಜೊತೆ ಸಂಬಂಧ ಇದೆ" ಅಂದಿರಿ ಅಂತಿಟ್ಟುಕೊಳ್ಳಿ. ಆ ಮಾತು ಎಲ್ಲಿಗೆ ಹೋಗುತ್ತದೆ? ಕೆಲವರು ಗುಟ್ಟು ಇಟ್ಟುಕೊಳ್ಳುವುದೇ ಇಲ್ಲ ಅನ್ನುವ ನಿಯಮ ಇಟ್ಟಿರುತ್ತಾರೆ. ಒಬ್ಬರು ಹೇಳಿದ್ದು ಥೆರಪಿಗೆ ಮುಖ್ಯ ಅನ್ನಿಸಿದರೆ ಅದನ್ನು ಇನ್ನೊಬ್ಬರ ಮುಂದೆ ತರಬೇಕು ಅನ್ನುತ್ತಾರೆ, ನೀವೇ ಹೇಳಲು ಸಮಯ ಮತ್ತು ಸಹಾಯ ಕೊಡುತ್ತಾರೆ, ನೀವು ಒಪ್ಪದಿದ್ದರೆ ಥೆರಪಿ ನಿಲ್ಲಿಸಲೂಬಹುದು. ಇನ್ನು ಕೆಲವರು ಒಬ್ಬರೇ ಇದ್ದಾಗ ಆಡಿದ ಮಾತನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಾರೆ. ಎರಡಕ್ಕೂ ಕಾರಣ ಇದೆ. ನನ್ನನ್ನು ಕೇಳಿದರೆ ಮೊದಲನೆಯದೇ ಸರಿ, ಯಾಕಂದರೆ ಒಬ್ಬರ ಗುಟ್ಟು ಹೊತ್ತುಕೊಂಡ ಥೆರಪಿಸ್ಟ್ ಇನ್ನೊಬ್ಬರ ಮುಖ ನೋಡಿ ಮಾತಾಡುವುದು ಹೇಗೆ, ಅಲ್ವಾ? ಏನೇ ಇರಲಿ, ಬಾಯಿ ಬಿಡುವ ಮುಂಚೆ ನಿಯಮ ಯಾವುದು ಅಂತ ಕೇಳಿ, ಬರವಣಿಗೆಯಲ್ಲಿ ಇದ್ದರೆ ಓದಿ.

ಹೊರಗಿನವರ ವಿಷಯಕ್ಕೆ ಬಂದರೆ ಗೋಪ್ಯತೆ ಇರುತ್ತದೆ, ಆದರೆ ಅದಕ್ಕೂ ಮಿತಿ ಇದೆ. ಯಾರದ್ದಾದರೂ ಜೀವಕ್ಕೆ ಅಪಾಯ, ಮಕ್ಕಳ ಮೇಲೆ ದೌರ್ಜನ್ಯ ಅಂಥ ವಿಷಯ ಬಂದರೆ ಆಯಾ ದೇಶದ ಕಾನೂನಿನ ಪ್ರಕಾರ ಥೆರಪಿಸ್ಟ್ ತಿಳಿಸಬೇಕಾದವರಿಗೆ ತಿಳಿಸಬೇಕಾಗಬಹುದು. ಮುಂದೆ ವಿಷಯ ಕೋರ್ಟಿಗೆ ಹೋದರೆ ಸೆಷನ್‌ಗಳ ದಾಖಲೆ ಏನಾಗುತ್ತದೆ ಅಂತಲೂ ಕೇಳಿ. ಹಾಗೇ ನೀವಿಬ್ಬರೂ ಒಂದು ಒಪ್ಪಂದ ಮಾಡಿಕೊಳ್ಳಿ: ಸೆಷನ್‌ನಲ್ಲಿ ನಡೆದದ್ದನ್ನು ಯಾರ ಹತ್ತಿರ ಹೇಳಬಹುದು, ಯಾರ ಹತ್ತಿರ ಹೇಳಬಾರದು. ಮಗಳು ಅತ್ತಿದ್ದನ್ನು ಕೇಳಿದ ತಾಯಿ ಅಳಿಯನನ್ನು ಮುಂಚಿನ ಹಾಗೆ ನೋಡುವುದಿಲ್ಲ.

ಎಷ್ಟು ನಿರೀಕ್ಷಿಸಬಹುದು?

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ. ಎದ್ದ ಮೇಲೂ ಮುಂದುವರಿಯುವ ಜಗಳಗಳ ಕಥೆ ಬೇರೆ. ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ದಂಪತಿಗಳನ್ನು ಲ್ಯಾಬ್‌ನಲ್ಲಿ ಕೂರಿಸಿ, ಅವರು ಜಗಳ ಆಡುವುದನ್ನು ವರ್ಷಗಟ್ಟಲೆ ಗಮನಿಸಿದವರು. ಅವರ ಲೆಕ್ಕದಲ್ಲಿ ದಂಪತಿಗಳ ನಡುವಿನ ಸಮಸ್ಯೆಗಳಲ್ಲಿ ಸುಮಾರು ಶೇ. 69ರಷ್ಟು ಪೂರ್ತಿ ಬಗೆಹರಿಯುವಂಥವೇ ಅಲ್ಲ. ಒಬ್ಬರಿಗೆ ಖರ್ಚು ಮಾಡುವ ಕೈ, ಇನ್ನೊಬ್ಬರಿಗೆ ಉಳಿಸುವ ಕೈ. ಒಬ್ಬರಿಗೆ ಜನ ಬೇಕು, ಇನ್ನೊಬ್ಬರಿಗೆ ಏಕಾಂತ ಬೇಕು. ಇದು ಥೆರಪಿಯಿಂದ ಹೋಗುವುದಿಲ್ಲ. ಅದೇ ಜಗಳವನ್ನು ಒಬ್ಬರನ್ನೊಬ್ಬರು ಕುಟುಕದೆ ಆಡುವುದನ್ನು ಕಲಿಯಬಹುದು.

ಕುಟುಕುವ ವಿಷಯದಲ್ಲೂ ಗಾಟ್‌ಮನ್ ನಾಲ್ಕನ್ನು ಗುರುತಿಸಿದರು. ಮಾಡಿದ ಕೆಲಸ ಬಿಟ್ಟು ಮನುಷ್ಯನನ್ನೇ ಟೀಕಿಸುವುದು, ತಾತ್ಸಾರ, ಏನು ಹೇಳಿದರೂ ಸಮರ್ಥನೆಗೆ ಇಳಿಯುವುದು, ಮಾತೇ ಬಿಟ್ಟು ಗೋಡೆಯ ಹಾಗೆ ಕೂರುವುದು. ನಾಲ್ಕರಲ್ಲಿ ತಾತ್ಸಾರ ಎಲ್ಲಕ್ಕಿಂತ ಕೆಟ್ಟದ್ದು ಅಂತ ಅವರು ಕಂಡುಕೊಂಡರು. ಅಣಕಿಸುವುದು, ಕಣ್ಣು ತಿರುಗಿಸುವುದು, "ನಿನಗೇನು ಗೊತ್ತಾಗುತ್ತೆ ಬಿಡು" ಅನ್ನುವುದೆಲ್ಲ ಇದರಲ್ಲೇ ಬರುತ್ತದೆ. ಮೊದಲ ಸೆಷನ್‌ಗೆ ಮುಂಚಿನ ಒಂದು ವಾರ ಇವುಗಳಲ್ಲಿ ನಿಮ್ಮದು ಯಾವುದು ಅಂತ ಗಮನಿಸಿ. ನಿಮ್ಮದು ಮಾತ್ರ. ಸಂಗಾತಿಯದ್ದು ಹೇಗೂ ನಿಮಗೆ ಬಾಯಿಪಾಠ ಆಗಿರುತ್ತದೆ.

ಫಲಿತಾಂಶದ ಬಗ್ಗೆ ಒಂದು ಅಂದಾಜು ಬೇಕಿದ್ದರೆ ಇದನ್ನು ನೋಡಿ. ಮನಶ್ಶಾಸ್ತ್ರಜ್ಞ ಆಂಡ್ರ್ಯೂ ಕ್ರಿಸ್ಟೆನ್ಸನ್ ಮತ್ತು ಅವರ ತಂಡದವರು ಅಮೆರಿಕದಲ್ಲಿ ದಾಂಪತ್ಯ ತುಂಬಾ ಹದಗೆಟ್ಟಿದ್ದ 134 ಜೋಡಿಗಳಿಗೆ ಹೆಚ್ಚೆಂದರೆ 26 ಸೆಷನ್ ಥೆರಪಿ ಕೊಟ್ಟು, 5 ವರ್ಷ ಬಿಟ್ಟು ಮತ್ತೆ ವಿಚಾರಿಸಿದರು. 2010ರಲ್ಲಿ ಬಂದ ಆ ವರದಿಯಲ್ಲಿ ಸುಮಾರು ಅರ್ಧದಷ್ಟು ಜೋಡಿಗಳು ಎದ್ದು ಕಾಣುವಷ್ಟು ಸುಧಾರಿಸಿದ್ದರು. ಸುಮಾರು ಕಾಲು ಭಾಗದವರು ಬೇರೆಯಾಗಿದ್ದರು. ಅಂದರೆ ಪವಾಡವೂ ಅಲ್ಲ, ದಂಡವೂ ಅಲ್ಲ.

ಸಂಗಾತಿ ಬರಲ್ಲ ಅಂದರೆ

"ನಿನ್ನನ್ನ ಯಾರಾದರೂ ಸರಿ ಮಾಡಬೇಕು, ನಡಿ" ಅಂದರೆ ಯಾರು ತಾನೇ ಬರುತ್ತಾರೆ? ಜಗಳದ ಮಧ್ಯೆ ಥೆರಪಿ ಹೆಸರು ಎತ್ತಲೇಬೇಡಿ. ಇಬ್ಬರೂ ತಣ್ಣಗಿರುವಾಗ ನಿಮ್ಮ ಕಡೆಯಿಂದ ಹೇಳಿ. "ನಾನು ಏನೋ ಹೇಳೋಕೆ ಹೋಗಿ ಇನ್ನೇನೋ ಆಗ್ತಿದೆ, ನನಗೆ ಸಹಾಯ ಬೇಕು, ಎರಡು ಸಲ ಬಂದು ನೋಡ್ತೀಯಾ?" ಥೆರಪಿಸ್ಟ್ ಆರಿಸುವ ಕೆಲಸ ಅವರಿಗೇ ಬಿಡಿ, ನೀವು ಹುಡುಕಿದವರು ನಿಮ್ಮ ಕಡೆಯವರು ಅನ್ನುವ ಅನುಮಾನ ಬರುವುದಿಲ್ಲ. ಆಗಲೂ ಬೇಡ ಅಂದರೆ ಒಬ್ಬರೇ ಹೋಗಬಹುದು. ಆದರೆ ಒಂದು ವಿಷಯ ಗೊತ್ತಿರಲಿ, ನೀವು ತಿಂಗಳುಗಟ್ಟಲೆ ಒಬ್ಬರೇ ಹೋದ ಥೆರಪಿಸ್ಟ್ ಹತ್ತಿರ ಆಮೇಲೆ ಸಂಗಾತಿಯನ್ನು ಕರೆದುಕೊಂಡು ಹೋಗುವುದು ಸರಿ ಬರುವುದಿಲ್ಲ. ಜೋಡಿ ಥೆರಪಿಗೆ ಬೇರೆಯವರೇ ಇರಲಿ.

ಮೊದಲ ಕೆಲವು ವಾರ

ಒಂದು ಸೆಷನ್ ಸಾಮಾನ್ಯವಾಗಿ 50 ರಿಂದ 90 ನಿಮಿಷ, ಶುರುವಿನಲ್ಲಿ ವಾರಕ್ಕೊಂದು. ಮುಗಿದ ತಕ್ಷಣ ಆಫೀಸ್ ಮೀಟಿಂಗ್ ಇಟ್ಟುಕೊಳ್ಳಬೇಡಿ, ಕಣ್ಣು ಕೆಂಪಾಗಿರುತ್ತದೆ. ಆನ್‌ಲೈನ್ ಆದರೆ ಬಾಗಿಲು ಮುಚ್ಚುವ ಕೋಣೆ ಇರಲಿ, ಮಕ್ಕಳ ಕಿವಿಗೆ ಬೀಳದ ಹಾಗಿರಲಿ. ವಾಪಸ್ ಬರುವ ದಾರಿಯಲ್ಲಿ "ನೀನು ಅಲ್ಲಿ ಹಾಗ್ಯಾಕೆ ಅಂದೆ" ಅಂತ ತೆಗೆಯುವುದಿಲ್ಲ ಅಂತ ಮುಂಚೆಯೇ ಮಾತಾಡಿಕೊಳ್ಳಿ. ಇದೊಂದನ್ನು ಪಾಲಿಸಿದರೂ ದೊಡ್ಡ ಉಪಕಾರ. ಸೆಷನ್ ಒಳಗೆ ಸಿಟ್ಟು ನೆತ್ತಿಗೇರಿದರೆ ನಿಲ್ಲಿಸಿ ಅಂತ ಹೇಳಬಹುದು. ನಾಡಿ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರ ಮಾತು ತಲೆಗೆ ಹೋಗುವುದಿಲ್ಲ ಅನ್ನುತ್ತಾರೆ ಗಾಟ್‌ಮನ್, ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕು ಅಂತಲೂ ಹೇಳುತ್ತಾರೆ. ಮನೆಯಲ್ಲೂ ಇದು ಕೆಲಸಕ್ಕೆ ಬರುತ್ತದೆ, ಆದರೆ ಎದ್ದು ಹೋಗುವವರು ಎಷ್ಟು ಹೊತ್ತಿಗೆ ವಾಪಸ್ ಬರುತ್ತೇನೆ ಅಂತ ಹೇಳಿಯೇ ಹೋಗಬೇಕು.

ಮೊದಮೊದಲು ಮನೆಯಲ್ಲಿ ಜಗಳ ಜಾಸ್ತಿ ಆಗಬಹುದು. ಮುಚ್ಚಿಟ್ಟದ್ದು ಹೊರಗೆ ಬಂದಾಗ ಹಾಗೆ ಆಗುತ್ತದೆ. ಮೂರ್ನಾಲ್ಕು ಸೆಷನ್ ಕೊಟ್ಟು ನೋಡಿ, ಅಷ್ಟರಲ್ಲಿ ಥೆರಪಿಸ್ಟ್ ನಿಮ್ಮಿಬ್ಬರ ಬಗ್ಗೆ ತಮಗೆ ಏನು ಅರ್ಥವಾಯಿತು, ಮುಂದೆ ಏನು ಮಾಡುತ್ತಾರೆ ಅಂತ ಹೇಳಿರಬೇಕು. ಹೇಳದಿದ್ದರೆ ನೀವೇ ಕೇಳಿ. ಒಬ್ಬರ ಪರ ವಾಲುತ್ತಿದ್ದಾರೆ ಅನ್ನಿಸಿದರೆ ಅದನ್ನೂ ಮುಖಕ್ಕೇ ಹೇಳಿ, ಒಳ್ಳೆಯವರು ಸಿಟ್ಟಾಗುವುದಿಲ್ಲ. ಹೇಳಿದ ಮೇಲೂ ಬದಲಾಗದಿದ್ದರೆ ಅವರನ್ನು ಬಿಟ್ಟು ಬೇರೆಯವರನ್ನು ಹುಡುಕಿ, ಹೊರಡುವ ಮುಂಚೆ ಅವರ ಹತ್ತಿರವೇ ಇನ್ನೊಬ್ಬರ ಹೆಸರು ಕೇಳುವುದರಲ್ಲಿ ಸಂಕೋಚ ಬೇಡ.